ಶನಿವಾರ ತಂದ ಕೆಂಪು ಹುಳ ಬೆಳಗಾಗುವಷ್ಟರಲ್ಲಿ ಸಾಯುವುದೇಕೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಕಟಪಾಡಿಯಲ್ಲಿ ಇರುವುದು. ಏಳನೇ ಕ್ಲಾಸಿನ ಮಗನ ಹಟಕ್ಕೆ ಮೂರಡಿಯ ಮೀನಿನ ಟ್ಯಾಂಕ್ ತಂದು ಎರಡು ವರ್ಷವಾಯಿತು. ಆರು ಏಂಜೆಲ್ ಇದ್ದವು. ಬೇರೆ ಬೇರೆಯಾಗಿ ಎರಡು ಫೈಟರ್, ಇನ್ನೊಂದು ಸಣ್ಣ ಟ್ಯಾಂಕಿನಲ್ಲಿ ಗಪ್ಪಿಗಳಿವೆ. ನಮ್ಮ ಮನೆಯವರು ಮಂಗಳೂರಿನಲ್ಲಿ ಕೆಲಸ ಮಾಡುವುದು. ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿಂದ ಮೀನಿಗೆ ತಿನ್ನಿಸಲು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಟ್ಯೂಬಿಫೆಕ್ಸ್ ಎಂಬ ಕೆಂಪು ಹುಳ ತರುತ್ತಾರೆ. ಅದನ್ನು ಒಂದು ಲೋಟದಲ್ಲಿ ಹಾಕಿ ನಳ್ಳಿ ನೀರು ತುಂಬಿಸಿ ಇಡುತ್ತೇನೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಬಿಳಚಿಕೊಂಡು ಸತ್ತಿರುತ್ತವೆ, ಚರಂಡಿಯಂಥ ವಾಸನೆ. ಅಂಗಡಿಯವರು ಫ್ರಿಜ್ಜಿನಲ್ಲಿ ಇಡಿ ಎನ್ನುತ್ತಾರೆ. ಅತ್ತೆ ಒಪ್ಪುವುದಿಲ್ಲ, ‘ಅನ್ನ ಸಾರು ಇಡುವಲ್ಲಿ ಹುಳವಾ? ಮಗುವಿನ ಹೊಟ್ಟೆಗೆ ಹೋದರೆ?’ ಎನ್ನುತ್ತಾರೆ. ಪರಿಚಯದವರೊಬ್ಬರು ಅರಿಶಿನ, ಕಲ್ಲುಪ್ಪು ಹಾಕಿದ ನೀರಿನಲ್ಲಿ ತೊಳೆದರೆ ಹುಳ ಶುದ್ಧವಾಗುತ್ತದೆ ಎಂದರು. ಹಾಗೆ ಮಾಡಿದ ದಿನ ಒಂದೂ ಉಳಿಯಲಿಲ್ಲ. ಹೋದ ತಿಂಗಳು ಒಂದು ಏಂಜೆಲ್ ಹೊಟ್ಟೆ ಉಬ್ಬಿ ಸತ್ತಿತು, ಈಗ ಇನ್ನೊಂದಕ್ಕೆ ಅದೇ ಶುರುವಾಗಿದೆ. ಹುಳದಿಂದಲೇ ಇರಬಹುದೇ? ಒಣ ಕಾಳಿನ ಆಹಾರ (ಪೆಲೆಟ್) ಹಾಕಿದರೆ ಏಂಜೆಲ್‌ಗಳು ಬಾಯಿಗೆ ಹಾಕಿ ಉಗುಳುತ್ತವೆ. ಮನೆಯಲ್ಲೇ ಹುಳ ಸಾಕಲು ಸಾಧ್ಯವೇ?

ಉತ್ತರ: ಹುಳದ ವಿಷಯಕ್ಕೆ ಬರುವ ಮೊದಲು ಕಾಯಿಲೆ ಬಿದ್ದ ಏಂಜೆಲ್ ಬಗ್ಗೆ ಹೇಳುತ್ತೇನೆ, ಅದಕ್ಕೆ ಕಾಯುವಷ್ಟು ಸಮಯವಿಲ್ಲ.

ಟ್ಯಾಂಕಿನ ಮೇಲಿನಿಂದ ಬಗ್ಗಿ ನೋಡಿ. ಮೀನಿನ ಹೊಟ್ಟೆ ಎರಡೂ ಬದಿಗೆ ಊದಿ, ಮೈಮೇಲಿನ ಹುರುಪೆಗಳು ಒಂದೊಂದೂ ನಿಮಿರಿ ಅನಾನಸಿನ ಸಿಪ್ಪೆಯ ಹಾಗೆ ಕಾಣುತ್ತಿದ್ದರೆ ಒಳಗೆ ನೀರು ತುಂಬಿದೆ ಎಂದು ಅರ್ಥ. ಹೆಚ್ಚಿನ ಸಲ ಬ್ಯಾಕ್ಟೀರಿಯಾ ಸೋಂಕು ಕಿಡ್ನಿಯವರೆಗೆ ಹೋಗಿರುತ್ತದೆ. ಈ ಹಂತದಿಂದ ಮೀನು ಚೇತರಿಸಿಕೊಂಡದ್ದನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ, ಸುಳ್ಳು ಧೈರ್ಯ ಹೇಳಲಾರೆ. ಹುರುಪೆ ಮೈಗೆ ಅಂಟಿಕೊಂಡಂತೆಯೇ ಇದ್ದು ಹೊಟ್ಟೆ ಮಾತ್ರ ಗುಂಡಗಾಗಿದ್ದರೆ, ಹಿಕ್ಕೆ ಬಿಳಿ ದಾರದ ಹಾಗೆ ಜೋತಾಡುತ್ತಿದ್ದರೆ, ಅಜೀರ್ಣವೋ ಮಲಬದ್ಧತೆಯೋ ಇರುವ ಸಾಧ್ಯತೆ ಹೆಚ್ಚು. ಆಗ ಗುಣವಾಗುವ ಆಸೆ ಚೆನ್ನಾಗಿಯೇ ಇದೆ. ಎರಡರಲ್ಲಿ ಯಾವುದೇ ಆಗಲಿ, ಇವತ್ತೇ ಅದನ್ನು ಬೇರೆ ಪಾತ್ರೆಗೆ ಹಾಕಿ ಗಾಳಿ ಬಿಡಿ. ಮೂರು ದಿನ ಏನೂ ತಿನ್ನಿಸಬೇಡಿ. ದೊಡ್ಡ ಟ್ಯಾಂಕಿನ ಮೂರನೇ ಒಂದು ಭಾಗ ನೀರು ಬದಲಿಸಿ, ತಳದ ಹರಳುಗಳ ನಡುವಿನ ಕೊಳೆಯನ್ನು ಪೈಪಿನಿಂದ ಎಳೆದು ತೆಗೆಯಿರಿ. ಆ ಕೊಳೆಯಲ್ಲಿ ಏನು ಬರುತ್ತದೆ ಎಂದು ಒಂದು ಬಿಳಿ ಬಕೆಟಿನಲ್ಲಿ ಹಿಡಿದು ನೋಡಿ. ಸತ್ತು ಕೊಳೆತ ಹುಳಗಳು ಕಂಡರೆ ನನಗೆ ಆಶ್ಚರ್ಯವಾಗದು.

ಹುಳದಿಂದಲೇ ಹೀಗಾಯಿತೇ ಎಂದು ಕೇಳಿದ್ದೀರಿ. ಆಗಿರಬಹುದು. ಆದರೆ ‘ಹುಳ ತಿಂದಿತು, ಹೊಟ್ಟೆ ಉಬ್ಬಿತು’ ಎಂಬಷ್ಟು ನೇರವಲ್ಲ. ಮೂರು ದಾರಿಗಳಿವೆ. ಹುಳದ ಹೊಟ್ಟೆಯೊಳಗಿನ ಕೊಳಚೆ ಮತ್ತು ಬ್ಯಾಕ್ಟೀರಿಯಾ ಮೀನಿನ ಕರುಳಿಗೆ ಹೋಗುವುದು ಒಂದು. ತಿನ್ನದೆ ಉಳಿದ ಹುಳ ಹರಳಿನೊಳಗೆ ನುಗ್ಗಿ ಸತ್ತು ಅಮೋನಿಯ ಏರಿ, ಮೀನಿನ ತಡೆಯುವ ಶಕ್ತಿಯೇ ಕುಗ್ಗುವುದು ಇನ್ನೊಂದು. ಮೂರನೆಯದು ಬರೀ ಅತಿಯಾಗಿ ತಿನ್ನಿಸುವುದು. ಏಂಜೆಲ್ ಮೀನಿಗೆ ‘ಸಾಕು’ ಎನ್ನುವುದು ಗೊತ್ತಿಲ್ಲ. ಕೆಂಪು ಹುಳ ಕಂಡರೆ ಹೊಟ್ಟೆ ಬಿರಿಯುವಷ್ಟು ನುಂಗುತ್ತದೆ. ನಿಮ್ಮಲ್ಲಿ ಅರ್ಧ ಸತ್ತ ಹುಳ ಪ್ರತಿ ಭಾನುವಾರ ಟ್ಯಾಂಕಿಗೆ ಬೀಳುತ್ತಿದ್ದರೆ ಮೂರೂ ಒಟ್ಟಿಗೆ ನಡೆಯುತ್ತಿವೆ.

ಈಗ ಹುಳ. ಟ್ಯೂಬಿಫೆಕ್ಸ್ ಎರೆಹುಳದ ನೆಂಟ, ಆದರೆ ಸಾವಯವ ಕೊಳೆ ಹೆಚ್ಚಿರುವ ಕೆಸರಿನಲ್ಲಿ ಬದುಕುವ ಜೀವಿ. ತಲೆಯನ್ನು ಕೆಸರಿನೊಳಗೆ ಹುಗಿದು ಕೊಳೆ ತಿನ್ನುತ್ತದೆ, ಬಾಲವನ್ನು ನೀರಿಗೆ ಎತ್ತಿ ತೊನೆದಾಡಿಸುತ್ತದೆ. ಹೆಚ್ಚಾಗಿ ಬಾಲದ ಚರ್ಮದಿಂದಲೇ ಅದರ ಉಸಿರು. ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್ ಜಾತಿಯ ಕೆಂಪು ವಸ್ತು ಇರುವುದರಿಂದ ಆಮ್ಲಜನಕ ತೀರಾ ಕಡಿಮೆ ಇರುವ ಚರಂಡಿಯಲ್ಲೂ ಬದುಕುತ್ತದೆ. ಇಲ್ಲಿಂದಲೇ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಹುಟ್ಟಿದ್ದು: ‘ಚರಂಡಿಯಲ್ಲಿ ಬದುಕುವ ಹುಳ, ಲೋಟದಲ್ಲಿ ಬದುಕದೇ?’ ಚರಂಡಿಯಲ್ಲಿ ಅದು ಹರಡಿಕೊಂಡಿರುತ್ತದೆ, ಮೇಲೆ ನೀರು ನಿಧಾನಕ್ಕಾದರೂ ಹರಿಯುತ್ತಿರುತ್ತದೆ. ನಿಮ್ಮ ಲೋಟದಲ್ಲಿ ಕೆಸರಿಲ್ಲ, ಹರಿವಿಲ್ಲ. ಹಿಡಿದುಕೊಳ್ಳಲು ಏನೂ ಸಿಗದೆ ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗುತ್ತವೆ. ಉಂಡೆಯ ಹೊರಗಿನವು ಉಸಿರಾಡುತ್ತವೆ, ನಡುವಿನವು ಸಿಕ್ಕಿಹಾಕಿಕೊಳ್ಳುತ್ತವೆ. ನಡುವೆ ನಾಲ್ಕು ಸತ್ತರೆ ಅವು ಕೊಳೆಯಲು ಶುರು, ಕೊಳೆಸುವ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು, ಹಾಗಾಗಿ ಇನ್ನು ಹತ್ತು ಸಾಯುತ್ತವೆ. ರಾತ್ರಿ ಹತ್ತು ಗಂಟೆಗೆ ಶುರುವಾದದ್ದು ಬೆಳಿಗ್ಗೆ ಆರಕ್ಕೆ ನೀವು ನೋಡುವ ಬಿಳಿ ಲೋಳೆ.

ಲೋಟದ ಆಕಾರವೇ ಮೊದಲ ಶತ್ರು ಎಂದು ನಾನು ಹೇಳುವುದು ಇದಕ್ಕೇ. ಆಳ ಇದೆ, ಬಾಯಿ ಚಿಕ್ಕದು, ಗಾಳಿಗೆ ಒಡ್ಡಿಕೊಳ್ಳುವ ನೀರು ಅಂಗೈಯಷ್ಟೂ ಇಲ್ಲ.

ಎರಡನೆಯದು ನಮ್ಮ ಕರಾವಳಿಯ ಸೆಕೆ. 10 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಇದೇ ವೇಳೆಗೆ ಹುಳದ ಮೈಯ ಕೆಲಸ, ಅಂದರೆ ಆಮ್ಲಜನಕದ ಹಸಿವು, ಪ್ರತಿ ಹತ್ತು ಡಿಗ್ರಿಗೆ ಹೆಚ್ಚು ಕಡಿಮೆ ಎರಡು ಪಟ್ಟಾಗುತ್ತದೆ. ಬೇಡಿಕೆ ಏರಿ ಪೂರೈಕೆ ಇಳಿದರೆ ಇನ್ನೇನಾಗುತ್ತದೆ? ಏಪ್ರಿಲಿನ ಶನಿವಾರ ಮಧ್ಯಾಹ್ನ ಮಂಗಳೂರಿನಿಂದ ಕಟಪಾಡಿಗೆ ಬಸ್ಸಿನಲ್ಲಿ ಬರುವ ತೊಟ್ಟೆಯನ್ನು ನೆನೆಸಿಕೊಳ್ಳಿ. ನಿಮ್ಮ ಲೋಟಕ್ಕೆ ಬೀಳುವ ಮೊದಲೇ ಆ ಹುಳ ಅರ್ಧ ಸೋತಿರುತ್ತದೆ.

ಮೂರನೆಯದು ನೀರು. ನಳ್ಳಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮಂಗಳೂರಿಗೆ ತುಂಬೆಯಿಂದ ಬರುವುದಾಗಲಿ, ಉಡುಪಿಗೆ ಬಜೆಯಿಂದ ಬರುವುದಾಗಲಿ ಶುದ್ಧೀಕರಿಸಿಯೇ ಬಿಡುವುದು. ನಮಗೆ ಒಳ್ಳೆಯದು, ಚರ್ಮದಿಂದಲೇ ಉಸಿರಾಡುವ ಹುಳಕ್ಕೆ ಅದು ಸುಡುವ ವಸ್ತು. ಬಕೆಟಿನಲ್ಲಿ ಒಂದು ದಿನ ಬಾಯಿ ತೆರೆದಿಟ್ಟು, ಆಗಾಗ ಕಲಕಿ, ಆಮೇಲೆ ಬಳಸಿ. ಬಾವಿ ನೀರು ಇದ್ದರೆ ಇನ್ನೂ ಒಳ್ಳೆಯದು, ಆದರೆ ಎರಡು ಎಚ್ಚರ ಬೇಕು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಕೆಲವು ದಿನ ಅದು ನಳ್ಳಿ ನೀರಿಗಿಂತಲೂ ಕೆಟ್ಟದ್ದು. ಕಡಲಿಗೋ ಹೊಳೆಯ ಅಳಿವೆಗೋ ಹತ್ತಿರದ ಬಾವಿಯಾದರೆ ಏಪ್ರಿಲ್ ಮೇ ತಿಂಗಳಲ್ಲಿ ನೀರು ಉಪ್ಪಾಗಿರುತ್ತದೆ. ನಾಲಿಗೆಗೆ ಉಪ್ಪು ಗೊತ್ತಾದರೆ ಹುಳಕ್ಕೆ ಹಾಕಬೇಡಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಹುಡುಗನಾಗಿದ್ದಾಗ ಅಜ್ಜಿ ಮನೆಯಲ್ಲಿ ಗಪ್ಪಿ ಸಾಕುತ್ತಿದ್ದೆ. ಕ್ಲೋರಿನ್ ಇಲ್ಲದ ಹಳೆಯ ನೀರು ಒಳ್ಳೆಯದು ಎಂದು ಯಾರೋ ಹೇಳಿದ್ದು ಕೇಳಿ, ಬಚ್ಚಲ ಹಂಡೆಯಲ್ಲಿ ರಾತ್ರಿಯಿಡೀ ನಿಂತ ತಣ್ಣೀರನ್ನೇ ಹುಳಕ್ಕೆ ಹಾಕಿದೆ. ಒಂದೂ ಉಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಮೀನುಗಾರಿಕೆ ಓದುವಾಗ ಕಾರಣ ತಿಳಿಯಿತು: ಹಂಡೆ ತಾಮ್ರದ್ದು. ಬೆನ್ನುಮೂಳೆ ಇಲ್ಲದ ನೀರಿನ ಜೀವಿಗಳಿಗೆ ತಾಮ್ರ ಘೋರ ವಿಷ, ಅದರಲ್ಲೂ ಮುರಕಲ್ಲಿನ ನೆಲದ ನಮ್ಮ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಚುರುಕು. ಹಾಗಾಗಿ ಹಂಡೆ, ಕೊಡಪಾನ, ಹಿತ್ತಾಳೆ ಬಟ್ಟಲು ಯಾವುದೂ ಬೇಡ. ಸ್ಟೀಲ್, ಪಿಂಗಾಣಿ, ಪ್ಲಾಸ್ಟಿಕ್ ಸಾಕು.

ಅರಿಶಿನ, ಉಪ್ಪಿನ ವಿಷಯವೂ ಇದಕ್ಕೆ ಸೇರಿದ್ದೇ. ಹೇಳಿದವರ ಮನಸ್ಸು ಒಳ್ಳೆಯದೇ, ಮೀನು ತೊಳೆಯುವಾಗ ನಾವು ಮಾಡುವುದೂ ಅದನ್ನೇ ಅಲ್ಲವೇ. ಆದರೆ ಅದು ಸತ್ತ ಮೀನು, ಇದು ಜೀವಂತ ಸಿಹಿನೀರಿನ ಹುಳ. ಕಲ್ಲುಪ್ಪಿನ ನೀರು ಅದರ ಮೈಯ ನೀರನ್ನೆಲ್ಲ ಹೀರಿಬಿಡುತ್ತದೆ. ಅರಿಶಿನವಾಗಲಿ, ಕೆಲವರು ಹಾಕುವ ಪೊಟ್ಯಾಸಿಯಂ ಪರ್ಮಾಂಗನೇಟ್ ಆಗಲಿ, ತಾಗುವುದು ಹೊರಮೈಗೆ ಮಾತ್ರ. ನಮಗೆ ಬೇಡವಾದದ್ದು ಇರುವುದು ಹುಳದ ಕರುಳಿನೊಳಗೆ. ಕರುಳು ತೊಳೆಯಲು ಔಷಧವಿಲ್ಲ, ಕಾಲವೊಂದೇ ದಾರಿ. ಆಹಾರ ಕೊಡದೆ ಒಳ್ಳೆಯ ನೀರಿನಲ್ಲಿಟ್ಟರೆ ಹುಳ ತಾನೇ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ.

ಅದನ್ನು ಹೀಗೆ ಮಾಡಿ. ಅಗಲವಾದ, ಅಂಚು ಗಿಡ್ಡವಾದ ಬಿಳಿ ತಟ್ಟೆ ಅಥವಾ ಟ್ರೇ ತೆಗೆದುಕೊಳ್ಳಿ. ಬಿಳಿಯೇ ಬೇಕು, ಯಾಕೆಂದು ಹೇಳುತ್ತೇನೆ. ಹುಳ ಮನೆಗೆ ಬಂದ ಕೂಡಲೇ ತೊಟ್ಟೆಯ ನೀರನ್ನು ಚಾ ಸೋಸುವ ಜಾಲರಿಯಲ್ಲಿ ಬಸಿದು ಚೆಲ್ಲಿಬಿಡಿ. ಆ ಜಾಲರಿ ಆಮೇಲೆ ಚಾಕ್ಕೆ ಹೋಗಬಾರದು, ಹುಳಕ್ಕೇ ಒಂದು ಬೇರೆ ಇಡಿ. ಹುಳವನ್ನು ತಟ್ಟೆಗೆ ಹಾಕಿ ನೀರು ಸುರಿದು ಕೈಯಿಂದ ಒಂದು ಸುತ್ತು ತಿರುಗಿಸಿ ಬಿಡಿ. ನೀರು ಸುಳಿಯುತ್ತಿರುವಾಗ ಜೀವ ಇರುವ ಹುಳಗಳು ಒಂದನ್ನೊಂದು ಹಿಡಿದು ತಟ್ಟೆಯ ನಡುವೆ ಮುದ್ದೆಯಾಗುತ್ತವೆ. ಸತ್ತವಕ್ಕೆ ಹಿಡಿತವಿಲ್ಲ, ಬಿಳಿ ನೂಲಿನ ತುಂಡುಗಳ ಹಾಗೆ ಬಿಡಿಬಿಡಿಯಾಗಿ ತೇಲುತ್ತವೆ. ತಟ್ಟೆಯನ್ನು ಮೆಲ್ಲಗೆ ಓರೆ ಮಾಡಿದರೆ ಅವು ನೀರಿನೊಂದಿಗೆ ಹೊರಗೆ ಹೋಗುತ್ತವೆ. ಬಗ್ಗಡ ನಿಲ್ಲುವವರೆಗೆ ಐದಾರು ಸಲ ಹೀಗೆ ಮಾಡಿ. ಕೊನೆಗೆ ಮುದ್ದೆಯನ್ನು ಬೆರಳಿನಿಂದ ಬಿಡಿಸಿ ತೆಳುವಾಗಿ ಹರಡಿ, ಹುಳ ಮುಳುಗಿಯೂ ಮುಳುಗದ ಹಾಗೆ, ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ನೀರು ಬಿಡಿ. ಹೆಚ್ಚು ನೀರು ಹಾಕಿದರೆ ಹುಳಕ್ಕೆ ಒಳ್ಳೆಯದು ಎಂದು ನಮಗೆ ಅನ್ನಿಸುತ್ತದೆ, ಆದರೆ ಅದಕ್ಕೆ ಬೇಕಾದದ್ದು ಗಾಳಿ ತಾಗುವ ತೆಳು ನೀರು.

ಕೆಲವು ಗಂಟೆ ಬಿಟ್ಟು ತಟ್ಟೆಯ ಬಿಳಿ ತಳ ನೋಡಿ. ಕಪ್ಪು, ಕಂದು ಬಣ್ಣದ ಸಣ್ಣ ಸಣ್ಣ ಎಳೆಗಳು ಬಿದ್ದಿರುತ್ತವೆ. ಅದೇ ಹುಳದ ಹೊಟ್ಟೆಯಿಂದ ಬಂದ ಚರಂಡಿ ಮಣ್ಣು. ನೀವು ನೀರು ಬದಲಿಸಿದಷ್ಟೂ ಅದು ಕಡಿಮೆಯಾಗುತ್ತ ಬರುತ್ತದೆ. ಮೊದಲ ದಿನ ಮೂರು ನಾಲ್ಕು ಸಲ ನೀರು ಬದಲಿಸಿ, ಆಮೇಲೆ ಬೆಳಿಗ್ಗೆ ಸಂಜೆ ಸಾಕು. ತಳದಲ್ಲಿ ಹೊಸ ಎಳೆ ಬೀಳುವುದು ನಿಂತ ಮೇಲೆ ಹುಳ ಮೀನಿಗೆ ಸಿದ್ಧ. ನಮ್ಮ ಹವೆಯಲ್ಲಿ ಇದಕ್ಕೆ ಎರಡು ದಿನ ಬೇಕಾಗುತ್ತದೆ, ತಂಪಿನಲ್ಲಿ ಇಟ್ಟರೆ ಮೂರು. ತಟ್ಟೆಯ ಅಂಚನ್ನು ಬೆರಳಿನಿಂದ ತಟ್ಟಿದಾಗ ಇಡೀ ಹಾಸು ಚಟ್ಟನೆ ಕುಗ್ಗಿ ಕೆಂಪಾದರೆ ಹುಳ ಗಟ್ಟಿಮುಟ್ಟಾಗಿದೆ. ತಟ್ಟಿದರೂ ಆಲಸ್ಯದಿಂದ ಬಿದ್ದಿದ್ದರೆ, ಬಣ್ಣ ಮಾಸಿದ್ದರೆ, ದುಡ್ಡು ಹೋದರೆ ಹೋಗಲಿ ಎಂದು ತೆಂಗಿನ ಬುಡಕ್ಕೆ ಸುರಿಯಿರಿ. ತೋಡಿಗೋ ಬಾವಿಕಟ್ಟೆಯ ಹತ್ತಿರವೋ ಚೆಲ್ಲಬೇಡಿ.

ಅಂದ ಮೇಲೆ ಫ್ರಿಜ್ಜಿನ ಪ್ರಶ್ನೆ ಬರುತ್ತದೆ. ಅಂಗಡಿಯವರು ಹೇಳಿದ್ದು ಸರಿ. ಅತ್ತೆಯವರ ಅಳುಕನ್ನೂ ನಾನು ತಳ್ಳಿಹಾಕುವುದಿಲ್ಲ. ಟ್ಯೂಬಿಫೆಕ್ಸ್ ಮನುಷ್ಯರ ಹೊಟ್ಟೆಯಲ್ಲಿ ಬದುಕುವ ಹುಳವಲ್ಲ. ಮಕ್ಕಳಿಗೆ ಆಗುವ ಜಂತುಹುಳಕ್ಕೂ ಇದಕ್ಕೂ ಸಂಬಂಧವಿಲ್ಲ. ಅಕಸ್ಮಾತ್ ಒಂದು ಬಾಯಿಗೆ ಹೋದರೂ ಒಳಗೆ ಸಂಸಾರ ಹೂಡುವುದಿಲ್ಲ. ಅಷ್ಟರ ಮಟ್ಟಿಗೆ ಅವರಿಗೆ ಧೈರ್ಯ ಹೇಳಿ. ಆದರೆ ಅದು ಬಂದದ್ದು ಕೊಳಚೆಯಿಂದ, ಅದರ ನೀರಿನಲ್ಲಿ ನಮಗೂ ಭೇದಿ ತರಿಸಬಲ್ಲ ಬ್ಯಾಕ್ಟೀರಿಯಾ ಇರಬಹುದು. ಅನ್ನದ ಪಾತ್ರೆಯ ಮೇಲಿನ ತಟ್ಟಿನಲ್ಲಿಟ್ಟು ಒಂದು ತೊಟ್ಟು ಚೆಲ್ಲಿದರೆ ಅವರು ಹೆದರಿದ್ದು ಬೇರೆ ರೂಪದಲ್ಲಿ ನಿಜವಾಗುತ್ತದೆ. ಮಗ ಹುಳ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ನೀವು ನಿಂತು ನೋಡಬೇಕು. ಕೈಯಲ್ಲಿ ಗಾಯವಿದ್ದರೆ ಮುಟ್ಟುವುದೇ ಬೇಡ.

ಫ್ರಿಜ್ ಇಲ್ಲದೆಯೂ ದಾರಿಯಿದೆ. ದಕ್ಕೆಯಿಂದ ಮೀನು ಬರುವ ಥರ್ಮಾಕೋಲ್ ಪೆಟ್ಟಿಗೆ ನಮ್ಮಲ್ಲಿ ಎಲ್ಲಿ ಕೇಳಿದರೂ ಸಿಗುತ್ತದೆ. ಚೆನ್ನಾಗಿ ತೊಳೆದು ಒಣಗಿಸಿ, ಹುಳದ ಟ್ರೇ ಒಳಗಿಟ್ಟು, ಪಕ್ಕದಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಇಡಿ. ಬಾಟಲಿ ಟ್ರೇಗೆ ತಾಗದಿರಲಿ. ಮುಚ್ಚಳ ಒಂದು ಬೆರಳಿನಷ್ಟು ತೆರೆದಿರಲಿ, ಉಸಿರಿಗೆ ಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಬಾಟಲಿ ಬದಲಿಸಿದರೆ ಒಳಗೆ ಹೊರಗಿಗಿಂತ ಎಷ್ಟೋ ತಂಪು. ಕರೆಂಟು ಹೋಗಿಬಂದು ಮಾಡುವ ಜೂನ್ ಜುಲೈಯಲ್ಲಿ ನನಗೆ ಫ್ರಿಜ್ಜಿಗಿಂತ ಈ ಪೆಟ್ಟಿಗೆಯ ಮೇಲೆ ನಂಬಿಕೆ ಜಾಸ್ತಿ. ಎರಡರಲ್ಲಿ ಯಾವುದಾದರೂ ಸರಿ, ಬಿಸಿಲಿನಿಂದ ಬಂದ ಹುಳವನ್ನು ಒಮ್ಮೆಗೇ ಚಳಿಗೆ ತಳ್ಳಬೇಡಿ. ಅರ್ಧ ಗಂಟೆ ಮಣ್ಣಿನ ಮಡಕೆಯ ನೀರಿನಂಥ ತಣ್ಣನೆಯ ನೀರಿನಲ್ಲಿಟ್ಟು ಆಮೇಲೆ ಒಳಗಿಡಿ. ದಿನಕ್ಕೆ ಎರಡು ಸಲ ನೀರು ಬದಲಿಸುತ್ತಿದ್ದರೆ ಒಂದು ವಾರ ನಿಶ್ಚಿಂತೆಯಿಂದ ಬದುಕುತ್ತದೆ. ಹೆಪ್ಪುಗಟ್ಟಿಸಿ ಇಡೋಣ ಎಂದು ಮಾತ್ರ ಯೋಚಿಸಬೇಡಿ. ಟ್ಯೂಬಿಫೆಕ್ಸ್ ಕರಗಿದಾಗ ಗಂಜಿಯಾಗುತ್ತದೆ, ಹಿಮದಲ್ಲಿ ಎಲ್ಲ ಬ್ಯಾಕ್ಟೀರಿಯಾ ಸಾಯುವುದೂ ಇಲ್ಲ.

ಹೊಟ್ಟೆ ಖಾಲಿ ಮಾಡಿಸಿದ ಹುಳ ಪೂರ್ತಿ ಸುರಕ್ಷಿತವೇ ಎಂದರೆ, ಅಲ್ಲ. ಅಪಾಯ ಕಡಿಮೆಯಾಗುತ್ತದೆ ಅಷ್ಟೆ. ಕೊಳಚೆಯಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳಿದ್ದರೆ ಅವು ಹುಳದ ಮಾಂಸದಲ್ಲೇ ಸೇರಿಕೊಂಡಿರುತ್ತವೆ. ಎರಡು ದಿನದ ಉಪವಾಸದಿಂದ ಹೋಗುವುದಿಲ್ಲ. ಕೆಲವು ಪರಾವಲಂಬಿಗಳಿಗೆ ಟ್ಯೂಬಿಫೆಕ್ಸ್ ಒಂದು ತಂಗುದಾಣ. ಕಾರ್ಪ್ ಜಾತಿಯ ಮೀನುಗಳ ಕರುಳಲ್ಲಿ ಬೆಳೆಯುವ ಒಂದು ಬಗೆಯ ಲಾಡಿಹುಳ ಹೀಗೆಯೇ ದಾಟುವುದು, ಗೋಲ್ಡ್‌ಫಿಶ್, ಕೋಯಿ ಸಾಕುವವರು ಇದನ್ನು ಗಮನಿಸಬೇಕು. ನಿಮ್ಮ ಮಗ ಮೊಬೈಲಿನಲ್ಲಿ ಹುಡುಕಿದರೆ ‘ಸುತ್ತು ರೋಗ’ದ ಹೆದರಿಸುವ ಚಿತ್ರಗಳೂ ಸಿಗುತ್ತವೆ. ಮೀನು ತನ್ನ ಬಾಲವನ್ನೇ ಅಟ್ಟಿಕೊಂಡು ಗಿರಗಿರ ತಿರುಗುವ ರೋಗ ಅದು. ಅದರ ಪರಾವಲಂಬಿ ಟ್ಯೂಬಿಫೆಕ್ಸ್ ಹುಳದೊಳಗೆ ಅರ್ಧ ಜೀವನ ಕಳೆಯುತ್ತದೆ ಎಂದು 1984ರಲ್ಲಿ ಅಮೆರಿಕದ ವುಲ್ಫ್ ಮತ್ತು ಮಾರ್ಕಿವ್ ತೋರಿಸಿಕೊಟ್ಟದ್ದು ನಿಜ. ಆದರೆ ಅದು ಟ್ರೌಟ್, ಸಾಲ್ಮನ್ ಜಾತಿಯ ತಣ್ಣೀರಿನ ಮೀನುಗಳ ರೋಗ. ನಿಮ್ಮ ಏಂಜೆಲ್‌ಗೆ ಅದರ ಭಯ ಬೇಡ.

‘ಕೆಂಪು ಹುಳ ತಿನ್ನಿಸಿದರೆ ಮೀನಿನ ಬಣ್ಣ ಏರುತ್ತದೆ’ ಎಂಬ ಮಾತೂ ಅಂಗಡಿಗಳಲ್ಲಿ ಕೇಳಿಬರುತ್ತದೆ, ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಹುಳದ ಕೆಂಪು ಉಸಿರಿನ ಕೆಂಪು, ಜೀರ್ಣವಾದರೆ ಮುಗಿಯಿತು. ಮೀನಿನ ಮೈಯ ಕೆಂಪು ಕಿತ್ತಳೆ ಬಣ್ಣ ಬರುವುದು ಕ್ಯಾರೊಟಿನಾಯ್ಡ್‌ಗಳಿಂದ. ಅದನ್ನು ಮೀನು ತಾನೇ ತಯಾರಿಸಲಾರದು, ಪಾಚಿ, ಸಣ್ಣ ಸೀಗಡಿಯಂಥ ಆಹಾರದಿಂದ ಸಿಗಬೇಕು. ಹುಳದಿಂದ ಸಿಗುವುದು ಪ್ರೋಟೀನ್. ಅದರಿಂದ ಮೀನು ಬೇಗ ಬೆಳೆಯುತ್ತದೆ, ಮೊಟ್ಟೆಗೆ ಬರುತ್ತದೆ, ಹಾಗಾಗಿಯೇ ಮರಿ ಮಾಡಿಸುವವರು ಇದನ್ನು ಬಿಡುವುದಿಲ್ಲ. ಮನೆಯಲ್ಲಿ ಚಂದಕ್ಕೆ ಸಾಕುವ ಮೀನಿಗೆ ವಾರಕ್ಕೆ ಎರಡು ಸಲ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಗಪ್ಪಿಗೆ ಇನ್ನೂ ಕಡಿಮೆ, ಅದಕ್ಕೆ ಪಾಚಿ, ಸೊಪ್ಪಿನ ಅಂಶವೂ ಬೇಕು.

ಇನ್ನು ಸಾಕುವ ವಿಷಯ. ಟ್ಯೂಬಿಫೆಕ್ಸ್ ಅನ್ನೇ ಮನೆಯಲ್ಲಿ ಬೆಳೆಸಬಹುದು: ಕೆಸರು, ಸೆಗಣಿ, ಅಕ್ಕಿ ತೌಡು ಬೆರೆಸಿದ ಹಾಸು, ಮೇಲೆ ಹಗಲೂ ರಾತ್ರಿ ಹನಿಹನಿಯಾಗಿ ಹರಿಯುವ ನೀರು. ಕೆಟ್ಟ ವಾಸನೆ ತಪ್ಪಿದ್ದಲ್ಲ. ಹರಿವು ನಿಂತರೆ ಸೊಳ್ಳೆ ಮೊಟ್ಟೆಯಿಡುತ್ತದೆ, ಮಲೇರಿಯಾ, ಡೆಂಗಿ ಇರುವ ನಮ್ಮೂರಲ್ಲಿ ಅದನ್ನು ನಾನು ಯಾರಿಗೂ ಹೇಳಲಾರೆ. ನಿಮಗೆ ನಾನು ಹೇಳುವುದು ಎರೆಹುಳ.

ದಕ್ಷಿಣ ಕನ್ನಡ, ಉಡುಪಿಯ ತೋಟದ ಮನೆಗಳಲ್ಲಿ ಎರೆಗೊಬ್ಬರದ ತೊಟ್ಟಿ ಹೊಸದಲ್ಲ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ತೆಂಗಿನ ಗರಿಯನ್ನು ಗೊಬ್ಬರ ಮಾಡಲು ರೂಢಿಗೆ ತಂದದ್ದು ಯುಡ್ರಿಲಸ್ ಜಾತಿಯ ಎರೆಹುಳ, ನಮ್ಮ ಸೆಕೆಗೆ ಹೊಂದಿಕೊಳ್ಳುವಂಥದ್ದು. ಪರಿಚಯದ ತೋಟದವರಲ್ಲಿ ಒಂದು ಹಿಡಿ ಕೇಳಿದರೆ ಇಲ್ಲ ಎನ್ನುವುದಿಲ್ಲ. ಗಾಳಿ ತೂತು ಕೊರೆದ ಹಳೆಯ ಬಕೆಟಿನಲ್ಲಿ ಒಣ ಎಲೆ, ಹಳೆಯ ಸೆಗಣಿ, ತರಕಾರಿ ಸಿಪ್ಪೆ ಹಾಕಿ, ಒದ್ದೆ ಗೋಣಿ ಮುಚ್ಚಿ ನೆರಳಲ್ಲಿಟ್ಟರೆ ಸಾಕು. ಲಿಂಬೆ ಸಿಪ್ಪೆ, ಉಪ್ಪಿನಕಾಯಿ, ಸಾರಿನ ಉಳಿಕೆ ಬೇಡ. ಮೀನಿಗೆ ಕೊಡುವ ಹಿಂದಿನ ದಿನ ಕೆಲವು ಹುಳಗಳನ್ನು ತೆಗೆದು ತೊಳೆದು, ಒದ್ದೆ ಬಟ್ಟೆಯೊಳಗೆ ಒಂದು ರಾತ್ರಿ ಇಟ್ಟರೆ ಹೊಟ್ಟೆಯ ಮಣ್ಣು ಬಿಡುತ್ತದೆ. ಆಮೇಲೆ ಬ್ಲೇಡಿನಿಂದ ಏಂಜೆಲ್ ಬಾಯಿಗೆ ಹಿಡಿಸುವಷ್ಟು ಸಣ್ಣಗೆ ಹೆಚ್ಚಿ, ಒಮ್ಮೆ ತೊಳೆದು ಹಾಕಿ.

ಇದರಲ್ಲೂ ಅಪಾಯ ಇಲ್ಲದಿಲ್ಲ. ಅಡಿಕೆ ತೋಟದ ನೆಲದಿಂದ ನೇರವಾಗಿ ಅಗೆದ ಹುಳ ತರಬೇಡಿ. ಕೊಳೆರೋಗಕ್ಕೆ ವರ್ಷವರ್ಷವೂ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಬಿಟ್ಟ ನೆಲದಲ್ಲಿ ತಾಮ್ರ ಸೇರಿರುತ್ತದೆ, ಆ ಮಣ್ಣು ತಿನ್ನುವ ಹುಳದಲ್ಲೂ ಸೇರುತ್ತದೆ. ಗೊಬ್ಬರದ ತೊಟ್ಟಿಯ ಹುಳವೇ ಇರಲಿ. ಇನ್ನೊಂದು, ಮೈಮೇಲೆ ಕೆಂಪು ಹಳದಿ ಪಟ್ಟೆ ಇದ್ದು, ಹಿಚುಕಿದರೆ ಕಟು ವಾಸನೆಯ ಹಳದಿ ರಸ ಬಿಡುವ ಎರೆಹುಳ ಇದೆ, ಐಸೀನಿಯಾ ಎನ್ನುತ್ತಾರೆ. ಅದರ ರಸ ಮೀನಿಗೆ ಆಗುವುದಿಲ್ಲ. ಹೆಚ್ಚಿನ ಮೀನು ಬಾಯಿಗೆ ಹಾಕಿ ಉಗುಳುತ್ತದೆ, ನುಂಗಿದರೆ ತೊಂದರೆ.

ಫೈಟರ್ ಮತ್ತು ಗಪ್ಪಿಗೆ ಎರೆಹುಳ ದಪ್ಪವಾಯಿತು. ಅವಕ್ಕೆ ಗ್ರಿಂಡಲ್ ಹುಳ ಸರಿ, ಒಂದು ಸೆಂಟಿಮೀಟರಿಗಿಂತ ಸಣ್ಣ, ಬಿಳಿ ನೂಲಿನಂಥದ್ದು. ಇದರ ಬೀಜ ಹುಳವನ್ನು ಅಲಂಕಾರಿಕ ಮೀನು ಸಾಕುವವರು ಪರಸ್ಪರ ಕೊಟ್ಟು ತೆಗೆದುಕೊಳ್ಳುತ್ತಾರೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಬೆರಳು ದಪ್ಪಕ್ಕೆ ತೆಂಗಿನ ನಾರಿನ ಹುಡಿ ಹಾಕಬೇಕು. ಹಿನ್ನೀರಿನಲ್ಲಿ ಕೊಳೆಸಿದ ಸಿಪ್ಪೆಯ ಹುಡಿಯಲ್ಲಿ ಉಪ್ಪಿರುತ್ತದೆ, ಸಿಹಿನೀರಿನಲ್ಲಿ ನಾಲ್ಕು ಸಲ ನೆನೆಸಿ ಹಿಂಡಿ ಬಳಸಿ. ಮುಚ್ಚಳದಲ್ಲಿ ತೂತು ಮಾಡಿ ತೆಳು ಬಟ್ಟೆ ಅಂಟಿಸಿ. ಮೇಲೆ ಒಂದು ಚಿಟಿಕೆ ಓಟ್ಸ್ ಪುಡಿ ಉದುರಿಸಿ, ಅದರ ಮೇಲೆ ಅಂಗೈಯಷ್ಟು ಪ್ಲಾಸ್ಟಿಕ್ ತುಂಡು ಇಡಿ. ಹುಳಗಳು ಪುಡಿಗೆ ಬಂದು ಆ ತುಂಡಿನ ಅಡಿಗೆ ಅಂಟಿಕೊಳ್ಳುತ್ತವೆ. ತುಂಡನ್ನು ಎತ್ತಿ ಒಂದು ಬಟ್ಟಲು ನೀರಿನಲ್ಲಿ ಅಲ್ಲಾಡಿಸಿದರೆ ಮೀನಿನ ಊಟ ತಯಾರು, ಮಣ್ಣಿಲ್ಲ, ಚರಂಡಿಯಿಲ್ಲ.

ಜನ ಸೋಲುವುದು ತಿನ್ನಿಸುವುದರಲ್ಲಿ. ಹಾಕಿದ ಪುಡಿ ಎರಡು ದಿನದಲ್ಲಿ ಮುಗಿಯದಿದ್ದರೆ ಹೆಚ್ಚಾಯಿತು. ಹುಳಿ ವಾಸನೆ ಬಂದರೆ ತುಂಬಾ ಹೆಚ್ಚಾಯಿತು. ಮಳೆಗಾಲದಲ್ಲಿ ಬೂಷ್ಟು ಬರುತ್ತದೆ, ಬಂದ ಜಾಗವನ್ನು ಚಮಚದಲ್ಲಿ ಕೆರೆದು ತೆಗೆದು ಎರಡು ದಿನ ಆಹಾರ ನಿಲ್ಲಿಸಿ. ಸಣ್ಣ ಉಣ್ಣಿಯಂಥ ಬಿಳಿ ಚುಕ್ಕೆಗಳು ಹರಿದಾಡಿದರೆ ಡಬ್ಬಿಗೆ ಸ್ವಲ್ಪ ಹೊತ್ತು ನೀರು ತುಂಬಿಸಿ. ಅವು ತೇಲಿಬರುತ್ತವೆ, ಬಸಿದುಬಿಡಿ, ಗ್ರಿಂಡಲ್‌ಗೆ ಏನೂ ಆಗದು. ಇರುವೆಗೆ, ಬೆಲ್ಲದ ಡಬ್ಬಿಗೆ ಮಾಡುವ ಹಾಗೆ, ನೀರು ತುಂಬಿದ ತಟ್ಟೆಯ ನಡುವೆ ಇಡಿ. ಮತ್ತು ಎರಡು ಡಬ್ಬಿ ಮಾಡಿ, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಇದೇ ಜಾತಿಯ ದೊಡ್ಡಣ್ಣ ಬಿಳಿ ಹುಳವನ್ನು ಯಾರಾದರೂ ಕೊಟ್ಟರೆ ಬೇಡ ಎನ್ನಿ. ಅದಕ್ಕೆ 20 ಡಿಗ್ರಿಯೊಳಗಿನ ತಂಪು ಬೇಕು, ಕಟಪಾಡಿಯಲ್ಲಿ ಬದುಕದು. ಗ್ರಿಂಡಲ್‌ನಲ್ಲಿ ಕೊಬ್ಬಿನ ಅಂಶ ಹೆಚ್ಚು, ಹಾಗಾಗಿ ಅದೂ ದಿನದ ಊಟವಾಗಬಾರದು.

ದಿನದ ಊಟ ಒಣ ಕಾಳೇ ಆಗಬೇಕು. ಏಂಜೆಲ್ ಉಗುಳುವುದು ಹುಳದ ರುಚಿ ಹತ್ತಿದ್ದರಿಂದ. ಆರೋಗ್ಯವಂತ ದೊಡ್ಡ ಏಂಜೆಲ್ ಮೂರು ನಾಲ್ಕು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ. ಎರಡು ದಿನ ಏನೂ ಕೊಡದೆ, ಮೂರನೇ ದಿನ ನಾಲ್ಕೇ ಕಾಳು ನೀರಿನಲ್ಲಿ ಮೆತ್ತಗೆ ಮಾಡಿ ಹಾಕಿ. ಉಗುಳಿದರೆ ತೆಗೆದು ಮರುದಿನ ಮತ್ತೆ ಹಾಕಿ. ಮಗನಿಗೆ ಕನಿಕರ ಬಂದು ನಡುವೆ ಹುಳ ಕೊಟ್ಟರೆ ಮೀನು ಕಲಿಯುವುದಿಲ್ಲ, ಅವನಿಗೆ ಮೊದಲೇ ಹೇಳಿಡಿ.

ಎರೆಹುಳದ ಬಕೆಟಿನಿಂದ ಮೊದಲ ಒಂದೂವರೆ ತಿಂಗಳು, ಗ್ರಿಂಡಲ್ ಡಬ್ಬಿಯಿಂದ ಮೊದಲ ಒಂದು ತಿಂಗಳು ಏನೂ ತೆಗೆಯಬೇಡಿ, ಹುಳ ಹೆಚ್ಚಲಿ. ಅಷ್ಟರವರೆಗೆ ಶನಿವಾರದ ತೊಟ್ಟೆ ಬರುತ್ತಿರಲಿ. ಆದರೆ ಮನೆಯವರಿಗೆ ಹೇಳಿ ಅರ್ಧದಷ್ಟೇ ತರಿಸಿ, ಮಧ್ಯಾಹ್ನದ ಬದಲು ಸಂಜೆಯ ಬಸ್ಸಿಗೆ ತರಲಿ, ತೊಟ್ಟೆಯ ಜೊತೆ ಒಂದು ತಣ್ಣೀರಿನ ಬಾಟಲಿಯೂ ಚೀಲದಲ್ಲಿರಲಿ. ಬಂದ ಹುಳವನ್ನು ಭಾನುವಾರ ಮೀನಿಗೆ ಹಾಕಬೇಡಿ. ಬಿಳಿ ತಟ್ಟೆಯಲ್ಲಿಟ್ಟು ಮಂಗಳವಾರ ಹಾಕಿ.